ಫಾರಿನ್ ಟೂರ್‌ನಲ್ಲಿ ಬಾಡಿಗೆ ಕಾರು ಓಡಿಸೋ ಆಸೆನಾ? ತುಮಕೂರು ಬಿಡೋ ಮುಂಚೆ ಇಷ್ಟು ತಿಳ್ಕೊಂಡಿರಿ

ತುಮಕೂರು: ಹತ್ತು ಹದಿನೈದು ವರ್ಷದ ಹಿಂದೆ ಫಾರಿನ್ ಟೂರ್ ಅಂದ್ರೆ ಟ್ರಾವೆಲ್ಸ್‌ನವರ ಬಸ್ಸು, ಅವರು ನಿಲ್ಲಿಸಿದ ಕಡೆ ಊಟ, ಅವರು ತೋರಿಸಿದ್ದೇ ಊರು. ಈಗ ಹಾಗಿಲ್ಲ. ಸತ್ಯಮಂಗಲದ ಸಣ್ಣ ಫ್ಯಾಕ್ಟರಿ ಮಾಲೀಕರಿರಲಿ, ಗುಬ್ಬಿಯ ಅಡಿಕೆ ಮಂಡಿಯವರಿರಲಿ, ಕುಣಿಗಲ್‌ನ ಅಂಗಡಿಯವರಿರಲಿ, ಮನೆ ಮಂದಿಯನ್ನೆಲ್ಲ ಕರ್ಕೊಂಡು ಮಲೇಷ್ಯಾ, ಥಾಯ್ಲೆಂಡ್, ದುಬೈಗೆ ಹೋಗಿ ಬರುವುದು ಸಾಮಾನ್ಯವಾಗಿದೆ. ಮಗನೋ ಮಗಳೋ ಅಮೆರಿಕ, ಜರ್ಮನಿಯಲ್ಲಿದ್ದರೆ ಅಲ್ಲಿಗೂ ಪ್ರಯಾಣ ಬೆಳೆಸುತ್ತಾರೆ. ಅಲ್ಲಿಗೆ ಹೋದ ಮೇಲೆ, ‘ಟ್ಯಾಕ್ಸಿ ಯಾಕೆ, ನಾವೇ ಒಂದು ಕಾರು ಬಾಡಿಗೆಗೆ ತಗೊಂಡು ಓಡಿಸಿದ್ರೆ ಆಗಲ್ವಾ?’ ಅನ್ನೋ ಮಾತು ಬಂದೇ ಬರುತ್ತೆ.

ಆಗುತ್ತೆ. ಆದರೆ ಅದಕ್ಕೆ ಬೇಕಾದ ಕಾಗದ ತುಮಕೂರಿನಲ್ಲೇ ತಗೋಬೇಕು. ವಿಮಾನ ಹತ್ತಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಕಾಗದವಿಲ್ಲದೆ ಕಾರು ಸಿಗದಿದ್ದರೆ ಅಡ್ವಾನ್ಸ್ ಅಷ್ಟೇ ಹೋಗುತ್ತೆ. ಕಾಗದವಿಲ್ಲದೆ ಕಾರು ಸಿಕ್ಕಿ ಅಪಘಾತವಾದರೆ ಇನ್ಶೂರೆನ್ಸ್ ಕೈಬಿಟ್ಟು, ವರ್ಷಗಟ್ಟಲೆ ಅಂಗಡಿಯಲ್ಲಿ ಕೂತು ದುಡಿದ ದುಡ್ಡು ಒಂದೇ ದಿನದಲ್ಲಿ ಹೋಗಬಹುದು. ಹಾಗಾಗಿ ಒಂದೊಂದಾಗಿ ನೋಡೋಣ.

ಐಡಿಪಿ ಅಂದ್ರೆ ಏನು?

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಚಿಕ್ಕದಾಗಿ ಐಡಿಪಿ. ಇದು ಹೊಸ ಲೈಸೆನ್ಸ್ ಅಲ್ಲ. ‘ಈ ವ್ಯಕ್ತಿಗೆ ಭಾರತದಲ್ಲಿ ಇಂಥ ವಾಹನ ಓಡಿಸಲು ಲೈಸೆನ್ಸ್ ಇದೆ’ ಎಂದು ಹೊರದೇಶದ ಪೊಲೀಸರಿಗೆ, ಕಾರು ಕಂಪನಿಯವರಿಗೆ ಅರ್ಥವಾಗುವಂತೆ ಹೇಳುವ ಸಣ್ಣ ಪುಸ್ತಕ. 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದಕ್ಕೆ ಭಾರತ ಸೇರಿರುವುದರಿಂದ, ಆ ಒಪ್ಪಂದದಲ್ಲಿರುವ ಬೇರೆ ದೇಶಗಳು ಇದನ್ನು ಒಪ್ಪುತ್ತವೆ. 2022ರ ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇಡೀ ದೇಶಕ್ಕೆ ಒಂದೇ ನಮೂನೆಯ ಐಡಿಪಿ ಪುಸ್ತಕ ತಂದಿತು. ಅದರಲ್ಲಿ ಕ್ಯೂಆರ್ ಕೋಡ್ ಕೂಡ ಇರುತ್ತದೆ.

ಇದಕ್ಕೆ ಆಯಸ್ಸು ಒಂದೇ ವರ್ಷ. ನಿಮ್ಮ ಡಿಎಲ್ ಅದಕ್ಕೂ ಮೊದಲೇ ಮುಗಿಯುತ್ತಿದ್ದರೆ ಐಡಿಪಿಯೂ ಅಂದೇ ಮುಗಿಯುತ್ತದೆ. ಆದ್ದರಿಂದ ಆನ್‌ಲೈನ್‌ನಲ್ಲಿ ‘ಮೂರು ವರ್ಷದ ಇಂಟರ್‌ನ್ಯಾಷನಲ್ ಲೈಸೆನ್ಸ್, ಮನೆಗೇ ಕಳಿಸ್ತೀವಿ’ ಎಂದು ಯಾರಾದರೂ ಜಾಹೀರಾತು ಹಾಕಿದ್ದರೆ ದುಡ್ಡು ಕಟ್ಟಬೇಡಿ. ನಮ್ಮ ದೇಶದ ಐಡಿಪಿ ಒಂದು ವರ್ಷಕ್ಕಿಂತ ಹೆಚ್ಚಿಗೆ ಇರುವುದೇ ಇಲ್ಲ. ಅಂಥ ಕಾರ್ಡು ನೋಡಲು ಚೆನ್ನಾಗಿರಬಹುದು, ಪೊಲೀಸರ ಮುಂದೆ ಮಾತ್ರ ಬರೀ ಪ್ಲಾಸ್ಟಿಕ್ ತುಂಡು.

ಎಲ್ಲಿ ಸಿಗುತ್ತೆ, ಎಷ್ಟು ಖರ್ಚು?

ಐಡಿಪಿ ಕೊಡುವುದು ಆರ್‌ಟಿಒ. ನಮ್ಮ ಜಿಲ್ಲೆಯಲ್ಲಿ ತುಮಕೂರು (ಕೆಎ-06), ತಿಪಟೂರು (ಕೆಎ-44), ಮಧುಗಿರಿ (ಕೆಎ-64) ಹೀಗೆ ಮೂರು ಕಚೇರಿಗಳಿವೆ. ಸತ್ಯಮಂಗಲದವರು ತುಮಕೂರು ಕಚೇರಿಗೆ ಬರುತ್ತಾರೆ. ಅರ್ಜಿ ಶುರುವಾಗುವುದು ಆನ್‌ಲೈನ್‌ನಲ್ಲಿ. ಪರಿವಾಹನ್ ಜಾಲತಾಣದ ಸಾರಥಿ ವಿಭಾಗಕ್ಕೆ ಹೋಗಿ, ಕರ್ನಾಟಕ ಆರಿಸಿ, ಡಿಎಲ್ ಸೇವೆಗಳಲ್ಲಿ ಐಡಿಪಿ ಅಂತ ಇರುವುದನ್ನು ಒತ್ತಿದರೆ ನಿಮ್ಮ ಡಿಎಲ್ ನಂಬರ್ ಕೇಳುತ್ತದೆ. ಅರ್ಜಿಯ ನಮೂನೆಗೆ ‘ಫಾರಂ 4ಎ’ ಎಂದು ಹೆಸರು. ಸರ್ಕಾರಿ ಶುಲ್ಕ 1,000 ರೂಪಾಯಿ. ಸೈಬರ್ ಸೆಂಟರ್‌ನವರು ಅರ್ಜಿ ತುಂಬಿಸಿದರೆ ಅವರ ಚಾರ್ಜು ಬೇರೆ.

ಜೊತೆಗೆ ಇಟ್ಟುಕೊಳ್ಳಬೇಕಾದ್ದು: ಅಸಲಿ ಡಿಎಲ್, ಪಾಸ್‌ಪೋರ್ಟ್, ಪಾಸ್‌ಪೋರ್ಟ್ ಅಳತೆಯ ಫೋಟೋ, ವಿಳಾಸದ ದಾಖಲೆ, ಇವುಗಳ ಜೆರಾಕ್ಸ್. ಮೊದಲು ವೀಸಾ ಮತ್ತು ವೈದ್ಯರ ಸರ್ಟಿಫಿಕೇಟ್ ಕಡ್ಡಾಯವಾಗಿತ್ತು. ಕೆಲವು ದೇಶಗಳು ಇಳಿದ ಮೇಲೆ ವೀಸಾ ಕೊಡುವುದರಿಂದ, 2021ರ ಜನವರಿಯಲ್ಲಿ ಬಂದ ತಿದ್ದುಪಡಿಯಲ್ಲಿ ಆ ಎರಡೂ ಷರತ್ತು ತೆಗೆದುಹಾಕಲಾಯಿತು. ಆದರೂ ವಿಮಾನದ ಟಿಕೆಟ್, ವೀಸಾ ಆಗಿದ್ದರೆ ಅದರ ಪ್ರತಿ ಕೈಯಲ್ಲಿರಲಿ. ಕೇಳಿದಾಗ ಮತ್ತೆ ಊರಿಗೆ ಓಡಿ ಬರುವುದು ತಪ್ಪುತ್ತೆ.

ಹೊರಡೋ ಹಿಂದಿನ ವಾರ ಅರ್ಜಿ ಹಾಕಬೇಡಿ. ಮೂರು ನಾಲ್ಕು ವಾರ ಮುಂಚೆ ಹಾಕಿ. ತಡ ಆಗುವುದು ಸಾಮಾನ್ಯವಾಗಿ ಐಡಿಪಿ ಕೆಲಸದಿಂದಲ್ಲ, ಡಿಎಲ್‌ನಲ್ಲಿರುವ ಹಳೇ ತೊಡಕುಗಳಿಂದ.

ಮೊದಲು ಡಿಎಲ್ ತೆಗೆದು ನೋಡಿ

ಡಿಎಲ್ ಪರ್ಸಿನಲ್ಲಿ ಇರುತ್ತೆ, ಆದರೆ ಅದರ ಮೇಲೆ ಏನು ಬರೆದಿದೆ ಅಂತ ನೋಡಿ ಎಷ್ಟೋ ವರ್ಷ ಆಗಿರುತ್ತೆ. ನಾಲ್ಕು ವಿಷಯ ನೋಡಿಕೊಳ್ಳಿ.

ಒಂದು, ಹೆಸರು. ನಮ್ಮ ಕಡೆ ಇನಿಷಿಯಲ್ ಹಾಕೋ ಪದ್ಧತಿ. ಡಿಎಲ್‌ನಲ್ಲಿ ‘ರಮೇಶ ಟಿ.ಆರ್.’ ಅಂತ ಇರುತ್ತೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ತಂದೆಯ ಹೆಸರು ಎಲ್ಲ ಸೇರಿ ಉದ್ದವಾಗಿರುತ್ತೆ. ಕ್ರೆಡಿಟ್ ಕಾರ್ಡಿನಲ್ಲಿ ಮೂರನೇ ಥರ. ತುಮಕೂರಿನಲ್ಲಿ ಇದು ಯಾರಿಗೂ ಸಮಸ್ಯೆಯಲ್ಲ. ವಿಮಾನ ನಿಲ್ದಾಣದ ಕಾರು ಕೌಂಟರ್‌ನಲ್ಲಿ ಕೂತಿರುವ ಹುಡುಗಿಗೆ ಇವು ಮೂರು ಬೇರೆ ಬೇರೆ ಜನರ ಹೆಸರಿನ ಹಾಗೆ ಕಾಣಬಹುದು. ಹೆಸರು ತೀರಾ ಬೇರೆಯಾಗಿದ್ದರೆ ಡಿಎಲ್ ಅನ್ನು ಪಾಸ್‌ಪೋರ್ಟ್‌ಗೆ ಹೊಂದುವಂತೆ ಮೊದಲೇ ತಿದ್ದಿಸಿ, ಆಮೇಲೆ ಐಡಿಪಿಗೆ ಹೋಗಿ.

ಎರಡು, ಕೊನೆಯ ದಿನಾಂಕ. ಖಾಸಗಿ ವಾಹನದ ಲೈಸೆನ್ಸ್ 30 ವರ್ಷದೊಳಗೆ ಪಡೆದರೆ 40 ವಯಸ್ಸಿನವರೆಗೆ, 30ರಿಂದ 50ರ ನಡುವೆ ಪಡೆದರೆ 10 ವರ್ಷ, 50ರಿಂದ 55ರ ನಡುವೆ ಪಡೆದರೆ 60 ವಯಸ್ಸಿನವರೆಗೆ, 55 ದಾಟಿದ ಮೇಲೆ ಐದೈದು ವರ್ಷ ಮಾತ್ರ ನಡೆಯುತ್ತದೆ. ಮುಗಿಯುವ ದಿನಕ್ಕೆ ಒಂದು ವರ್ಷ ಮುಂಚೆಯೇ ನವೀಕರಣಕ್ಕೆ ಅರ್ಜಿ ಹಾಕಲು 2019ರ ತಿದ್ದುಪಡಿ ಕಾಯ್ದೆಯಲ್ಲಿ ಅವಕಾಶವಿದೆ. 40 ದಾಟಿದವರು ನವೀಕರಣಕ್ಕೆ ವೈದ್ಯರಿಂದ ‘ಫಾರಂ 1ಎ’ ತರಬೇಕು.

ಮೂರು, ಯಾವ ವಾಹನ ಅಂತ. ಡಿಎಲ್‌ನಲ್ಲಿ ಕಾರು (ಎಲ್‌ಎಂವಿ) ಮಾತ್ರ ಇದ್ದರೆ ಐಡಿಪಿಯಲ್ಲೂ ಕಾರು ಮಾತ್ರ. ಥಾಯ್ಲೆಂಡ್‌ಗೆ ಹೋದಾಗ ‘ಕಾರು ಬೇಡ, ಒಂದು ಸ್ಕೂಟರ್ ಸಾಕು’ ಅಂದ್ರೆ ಡಿಎಲ್‌ನಲ್ಲಿ ಗೇರ್ ಇರುವ ದ್ವಿಚಕ್ರ ವಾಹನವೂ ಇರಬೇಕು. ಬೀಚ್ ಪಕ್ಕದ ಅಂಗಡಿಯವರು ಏನೂ ಕೇಳದೆ ಸ್ಕೂಟರ್ ಕೀ ಕೊಟ್ಟುಬಿಡುತ್ತಾರೆ. ಬಿದ್ದು ಕಾಲು ಮುರಿದರೆ ಆಸ್ಪತ್ರೆ ಬಿಲ್ಲು ಕಟ್ಟಬೇಕಾದ ಟ್ರಾವೆಲ್ ಇನ್ಶೂರೆನ್ಸ್‌ನವರು ಮೊದಲು ಕೇಳುವುದೇ ‘ಲೈಸೆನ್ಸ್ ಇತ್ತಾ?’ ಅಂತ.

ನಾಲ್ಕು, ಅಸಲಿ ಕಾರ್ಡು. ಇಲ್ಲಿ ಪೊಲೀಸರು ನಿಲ್ಲಿಸಿದರೆ ಡಿಜಿಲಾಕರ್ ತೋರಿಸಿ ಹೋಗುತ್ತೇವೆ. ಹೊರದೇಶದಲ್ಲಿ ಅದು ನಡೆಯಲ್ಲ. ಐಡಿಪಿ ಒಂದೇ ಇದ್ದರೂ ನಡೆಯಲ್ಲ. ಅಸಲಿ ಡಿಎಲ್, ಐಡಿಪಿ, ಪಾಸ್‌ಪೋರ್ಟ್ ಮೂರೂ ಒಟ್ಟಿಗೆ ಇರಬೇಕು. ಎಲ್‌ಎಲ್‌ಆರ್ ಇಟ್ಟುಕೊಂಡು ಐಡಿಪಿ ಸಿಗುವುದಿಲ್ಲ.

ಯಾವ ದೇಶದಲ್ಲಿ ನಡೆಯುತ್ತೆ, ಎಲ್ಲಿ ನಡೆಯಲ್ಲ?

ಜಪಾನ್, ಮಲೇಷ್ಯಾ, ಥಾಯ್ಲೆಂಡ್ ಈ ಮೂರೂ 1949ರ ಒಪ್ಪಂದದ ದೇಶಗಳು; ನಮ್ಮ ಐಡಿಪಿ, ಡಿಎಲ್ ಜೊತೆಗಿದ್ದರೆ ಪ್ರವಾಸಿಯಾಗಿ ಕಾರು ಓಡಿಸಬಹುದು. ಇನ್ನೊಂದು ಅನುಕೂಲ, ಮೂರೂ ಕಡೆ ನಮ್ಮ ಹಾಗೆ ಎಡಗಡೆಯೇ ಓಡಿಸೋದು. ಮೊದಲ ಸಲ ಹೊರದೇಶದಲ್ಲಿ ಸ್ಟೇರಿಂಗ್ ಹಿಡಿಯುವವರಿಗೆ ಇವು ಒಳ್ಳೆಯ ಆಯ್ಕೆ.

ದುಬೈ, ಅಬುಧಾಬಿ ಇರುವ ಯುಎಇಯಲ್ಲಿ ವಿಸಿಟ್ ವೀಸಾ ಮೇಲೆ ಹೋದ ಭಾರತೀಯರಿಗೆ ಬಾಡಿಗೆ ಕಾರು ಬೇಕಾದರೆ ಐಡಿಪಿ ಬೇಕು. ಅಲ್ಲಿ ರೆಸಿಡೆನ್ಸ್ ವೀಸಾ ಇರುವವರಿಗೆ ಇದು ನಡೆಯಲ್ಲ. ಅವರು ಅಲ್ಲಿನ ಲೈಸೆನ್ಸ್‌ನ್ನೇ ಪಡೆಯಬೇಕು. ಕೆಲಸಕ್ಕೆ ಹೋದ ಅಳಿಯ ‘ನನ್ನ ಹತ್ರ ಐಡಿಪಿ ಇದೆ ಮಾವ, ನಾನೇ ಓಡಿಸ್ತೀನಿ’ ಅಂದ್ರೆ ಮೊದಲು ಅವರ ವೀಸಾ ಯಾವುದು ಅಂತ ಕೇಳಿ.

ಶ್ರೀಲಂಕಾದಲ್ಲಿ ಐಡಿಪಿ ಇದ್ದರೂ ಸಾಲದು. ಅದಕ್ಕೆ ಕೊಲಂಬೊದ ಆಟೊಮೊಬೈಲ್ ಅಸೋಸಿಯೇಷನ್ ಆಫ್ ಸಿಲೋನ್‌ನ ಅನುಮೋದನೆ ಬೇಕು, ಅಥವಾ ಅಲ್ಲಿನ ಮೋಟಾರು ಸಾರಿಗೆ ಇಲಾಖೆಯಿಂದ ತಾತ್ಕಾಲಿಕ ಲೈಸೆನ್ಸ್ ಪಡೆಯಬೇಕು.

ವಿಯೆಟ್ನಾಂಗೆ ಹೋಗುವವರು ಇಲ್ಲಿ ಎಚ್ಚರ ವಹಿಸಬೇಕು. ಆ ದೇಶ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ ಐಡಿಪಿಯನ್ನು. ನಮ್ಮದು 1949ರದ್ದು. ಅಂದರೆ ತುಮಕೂರಿನಲ್ಲಿ ಸಾವಿರ ರೂಪಾಯಿ ಕಟ್ಟಿ ತಗೊಂಡ ಪುಸ್ತಕಕ್ಕೆ ಅಲ್ಲಿ ಬೆಲೆ ಇಲ್ಲ. ಸ್ಕೂಟರ್ ಬಾಡಿಗೆಗೆ ಸಿಗುತ್ತೆ ಅನ್ನೋದೇನೋ ನಿಜ. ಸಿಗೋದು ಬೇರೆ, ಕಾನೂನು ಒಪ್ಪೋದು ಬೇರೆ. ಅಲ್ಲಿ ಡ್ರೈವರ್ ಸಮೇತ ಕಾರು ತಗೊಳ್ಳೋದೇ ಒಳ್ಳೇದು. ಚೀನಾದಲ್ಲಿ ಯಾವ ದೇಶದ ಐಡಿಪಿಯೂ ನಡೆಯುವುದಿಲ್ಲ.

ಬ್ರಿಟನ್‌ನಲ್ಲಿ ಪ್ರವಾಸಿಗಳು ತಮ್ಮ ದೇಶದ ಲೈಸೆನ್ಸ್‌ನಲ್ಲೇ 12 ತಿಂಗಳವರೆಗೆ ಕಾರು ಓಡಿಸಬಹುದು. ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ಕ್ಯಾಲಿಫೋರ್ನಿಯಾದಂಥ ಕಡೆ ಪ್ರವಾಸಿಗೆ ತನ್ನ ದೇಶದ ಲೈಸೆನ್ಸ್ ಸಾಕು. ಇಟಲಿಯಲ್ಲಿ ಡಿಎಲ್ ಜೊತೆಗೆ ಐಡಿಪಿ ಅಥವಾ ಅಧಿಕೃತ ಅನುವಾದ ಇರಲೇಬೇಕು. ಕಾನೂನು ಕೇಳದ ಕಡೆಯೂ ಕಾರು ಕಂಪನಿ ತನ್ನ ನಿಯಮದಲ್ಲಿ ಐಡಿಪಿ ಕೇಳಬಹುದು. ಸಾವಿರ ರೂಪಾಯಿ ಪುಸ್ತಕ ಜೊತೆಗಿರಲಿ.

ಡೆಪಾಸಿಟ್ ಎಂಬ ದೊಡ್ಡ ಗಂಟು

ಬುಕಿಂಗ್ ಮಾಡುವಾಗ ದಿನದ ಬಾಡಿಗೆ ಕಮ್ಮಿ ಕಾಣುತ್ತೆ. ಕೌಂಟರ್‌ಗೆ ಹೋದಾಗ ಸೆಕ್ಯುರಿಟಿ ಡೆಪಾಸಿಟ್ ಅಂತ ದೊಡ್ಡ ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ದುಡ್ಡು ಕಡಿತ ಆಗಲ್ಲ, ಆದರೆ ಅಷ್ಟು ಲಿಮಿಟ್ ನಿಮ್ಮ ಉಪಯೋಗಕ್ಕೆ ಸಿಗಲ್ಲ. ಕಾರು ವಾಪಸ್ ಕೊಟ್ಟ ಮೇಲೆ ಅದು ಬಿಡುಗಡೆಯಾಗಲು ಕೆಲವು ದಿನ, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ.

ಇದಕ್ಕೆ ಹೆಚ್ಚಿನ ಕಂಪನಿಗಳು ಕೇಳುವುದು ಕ್ರೆಡಿಟ್ ಕಾರ್ಡ್. ಅದೂ ಕಾರು ಓಡಿಸುವವರ ಹೆಸರಿನಲ್ಲೇ ಇರಬೇಕು. ಬುಕಿಂಗ್ ಯಜಮಾನರ ಹೆಸರಲ್ಲಿ, ಕಾರ್ಡು ಯಜಮಾನಿಯ ಹೆಸರಲ್ಲಿ ಅಂದರೆ ಕಾರು ಕೊಡಲ್ಲ. ಡೆಬಿಟ್ ಕಾರ್ಡ್, ನಗದು ಬಹಳ ಕಡೆ ನಡೆಯಲ್ಲ. ಸಿಂಗಪುರ, ಯುಎಇ, ಶ್ರೀಲಂಕಾ, ಮಾರಿಷಸ್‌ನಂಥ ಕೆಲವು ದೇಶಗಳ ಆಯ್ದ ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತೆ ನಿಜ. ಆದರೆ ಸ್ಕ್ಯಾನ್ ಮಾಡಿ ಕಾಫಿ ಕುಡಿಯೋದೇ ಬೇರೆ, ಕಾರಿನ ಡೆಪಾಸಿಟ್ಟೇ ಬೇರೆ. ಅದನ್ನು ನಂಬಿಕೊಂಡು ಹೋಗಬೇಡಿ.

ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರ ಆನ್ ಆಗಿದೆಯೇ ಎಂದು ಬ್ಯಾಂಕ್ ಆ್ಯಪ್‌ನಲ್ಲಿ ನೋಡಿಕೊಳ್ಳಿ. 2020ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ಅದು ಮೊದಲಿಗೆ ಆಫ್ ಇರುತ್ತದೆ. ನೀವೇ ಆನ್ ಮಾಡಬೇಕು. ಇನ್ನೊಂದು ವಿಷಯ: ಸ್ವೈಪ್ ಮಾಡುವಾಗ ಮೆಷಿನ್ ‘ರೂಪಾಯಿಯಲ್ಲೋ, ಇಲ್ಲಿನ ಹಣದಲ್ಲೋ?’ ಎಂದು ಕೇಳಿದರೆ ಆ ದೇಶದ ಹಣವನ್ನೇ ಆರಿಸಿ. ರೂಪಾಯಿ ಅಂತ ಒತ್ತಿದರೆ ಅವರು ಹಾಕಿದ್ದೇ ರೇಟು. ನಿಮ್ಮ ಬ್ಯಾಂಕ್ ವಿದೇಶಿ ವಹಿವಾಟಿಗೆ ಹಾಕುವ ಚಾರ್ಜು ಮತ್ತು ಅದರ ಮೇಲಿನ ಜಿಎಸ್‌ಟಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪಾಸ್‌ಪೋರ್ಟನ್ನು ಮಾತ್ರ ಅಡಮಾನ ಇಡಬೇಡಿ. ಸ್ಕೂಟರ್ ಅಂಗಡಿಗಳಲ್ಲಿ ಇದು ಹೆಚ್ಚು. ಜೆರಾಕ್ಸ್ ಕೊಡಿ, ಫೋಟೋ ತೆಗೆದುಕೊಳ್ಳಲಿ. ಅಸಲಿ ಪಾಸ್‌ಪೋರ್ಟ್ ಅವರ ಡ್ರಾಯರ್‌ನಲ್ಲಿದ್ದರೆ, ಆಮೇಲೆ ಅವರು ತೋರಿಸಿದ ಗೀರಿಗೆ ಅವರು ಹೇಳಿದ್ದೇ ಬೆಲೆ.

ಇನ್ಶೂರೆನ್ಸ್: ಸಹಿ ಹಾಕುವ ಮುಂಚೆ ಓದಬೇಕಾದ ಭಾಗ

ಬಾಡಿಗೆಯಲ್ಲೇ ಇನ್ಶೂರೆನ್ಸ್ ಸೇರಿದೆ ಅಂತ ಬರೆದಿರುತ್ತಾರೆ. ಸೇರಿರುತ್ತೆ, ಪೂರ್ತಿ ಅಲ್ಲ. ‘ಎಕ್ಸೆಸ್’ ಅಂತ ಒಂದು ಮೊತ್ತ ಇರುತ್ತದೆ. ಅಲ್ಲಿಯವರೆಗಿನ ನಷ್ಟ ನಿಮ್ಮದು, ಅದರಾಚೆಯದು ಅವರದು.

ಒಂದು ಲೆಕ್ಕ ಇಟ್ಕೊಳ್ಳೋಣ. ಎಕ್ಸೆಸ್ 1 ಲಕ್ಷ ರೂಪಾಯಿ ಅನ್ನಿ. ಪಾರ್ಕಿಂಗ್‌ನಲ್ಲಿ ಕಂಬಕ್ಕೆ ತಾಗಿ 60,000 ರೂಪಾಯಿ ರಿಪೇರಿ ಬಂತು. ಪೂರ್ತಿ 60,000 ನೀವೇ ಕಟ್ಟಬೇಕು. ದೊಡ್ಡ ಡಿಕ್ಕಿಯಾಗಿ 3 ಲಕ್ಷ ಬಂತು. ನೀವು 1 ಲಕ್ಷ ಕಟ್ಟುತ್ತೀರಿ, ಮಿಕ್ಕ 2 ಲಕ್ಷ ಇನ್ಶೂರೆನ್ಸ್. ಇನ್ನು ದಿನಕ್ಕೆ 1,200 ರೂಪಾಯಿ ಹೆಚ್ಚಿಗೆ ಕೊಟ್ಟು ಎಕ್ಸೆಸ್ ಸೊನ್ನೆ ಮಾಡಿಸುವ ಆಯ್ಕೆ ಇದೆ ಅನ್ನಿ. ಐದು ದಿನಕ್ಕೆ 6,000. ಹೊಸ ಊರು, ಹೊಸ ಕಾರು, ಅಗಲ ಗೊತ್ತಿಲ್ಲದ ರಸ್ತೆ. ಮೊದಲ ಸಲ ಹೋಗುವವರಿಗೆ ಈ 6,000 ದಂಡ ಅಲ್ಲ. ಆದರೆ ನಿಮ್ಮ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಬಾಡಿಗೆ ಕಾರಿನ ಎಕ್ಸೆಸ್ ಈಗಾಗಲೇ ಸೇರಿದೆಯೇ ಅಂತ ಮೊದಲು ನೋಡಿ. ಇದ್ದರೆ ಎರಡು ಸಲ ಕೊಡುವುದು ಬೇಡ.

ಎಕ್ಸೆಸ್ ಸೊನ್ನೆಯಾದರೂ ಕೆಲವು ಹೊರಗೇ ಉಳಿಯುತ್ತವೆ. ಟೈರು, ಗಾಜು, ಕಾರಿನ ತಳ, ಕಳೆದುಹೋದ ಕೀ, ತಪ್ಪು ಇಂಧನ ಹಾಕಿಸಿದ್ದು, ಮಣ್ಣು ರಸ್ತೆಗೆ ಇಳಿಸಿದ್ದು ಇವನ್ನು ಬಹಳಷ್ಟು ಕರಾರುಗಳು ಬಿಟ್ಟಿರುತ್ತವೆ. ಕುಡಿದು ಓಡಿಸಿದರೆ ಯಾವ ಇನ್ಶೂರೆನ್ಸೂ ಇಲ್ಲ.

ನಮ್ಮ ಕುಟುಂಬಗಳಲ್ಲಿ ಹೆಚ್ಚು ಆಗುವ ತಪ್ಪು ಇನ್ನೊಂದಿದೆ. ಕರಾರಿನಲ್ಲಿ ಅಣ್ಣನ ಹೆಸರು. ಮಧ್ಯಾಹ್ನ ಊಟ ಆದ ಮೇಲೆ ಅಣ್ಣನಿಗೆ ನಿದ್ದೆ. ‘ಬಿಡು, ಸ್ವಲ್ಪ ಹೊತ್ತು ಭಾವ ಓಡಿಸ್ತಾರೆ’. ಭಾವ ಎಷ್ಟೇ ಚೆನ್ನಾಗಿ ಓಡಿಸಲಿ, ಐಡಿಪಿ ಇರಲಿ, ಕರಾರಿನಲ್ಲಿ ಅವರ ಹೆಸರಿಲ್ಲದಿದ್ದರೆ ಆ ಹೊತ್ತಿನಲ್ಲಿ ಕಾರಿಗೆ ಇನ್ಶೂರೆನ್ಸ್ ಇಲ್ಲದ ಹಾಗೆ. ಎರಡನೇ ಡ್ರೈವರ್ ಹೆಸರನ್ನು ಕೌಂಟರ್‌ನಲ್ಲೇ ಸೇರಿಸಿ, ಅದಕ್ಕೆ ಹೆಚ್ಚುವರಿ ಚಾರ್ಜು ಇದ್ದರೂ ಸರಿ. 25 ವರ್ಷದೊಳಗಿನವರಿಗೆ ಬಹಳ ಕಂಪನಿಗಳು ಬೇರೆ ಚಾರ್ಜು ಹಾಕುತ್ತವೆ. ತೀರಾ ಹಿರಿಯರಿಗೂ ಕೆಲವು ಕಂಪನಿಗಳಲ್ಲಿ ವಯಸ್ಸಿನ ಮಿತಿ ಇರುತ್ತೆ, ಬುಕಿಂಗ್‌ಗೆ ಮುಂಚೆ ಕೇಳಿ.

ವೈಟ್ ಬೋರ್ಡ್ ಅಭ್ಯಾಸ ಅಲ್ಲಿ ಬೇಡ

ಇದು ಇಲ್ಲಿಗೂ ಅನ್ವಯಿಸುವ ಮಾತು. ನಮ್ಮಲ್ಲಿ ಪರಿಚಯದವರ ವೈಟ್ ಬೋರ್ಡ್ ಕಾರನ್ನು ದಿನಕ್ಕೆ ಇಷ್ಟು ಅಂತ ದುಡ್ಡು ಕೊಟ್ಟು ತಗೊಂಡು ಧರ್ಮಸ್ಥಳಕ್ಕೋ ಶೃಂಗೇರಿಗೋ ಹೋಗಿ ಬರುವವರಿದ್ದಾರೆ. ಕಾನೂನಿನ ಪ್ರಕಾರ ಬಾಡಿಗೆಗೆ ಕೊಡುವ ಸೆಲ್ಫ್ ಡ್ರೈವ್ ಕಾರಿಗೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರಬೇಕು. ಮೋಟಾರು ವಾಹನ ಕಾಯ್ದೆಯ 75ನೇ ಸೆಕ್ಷನ್ ಅಡಿ 1989ರ ‘ರೆಂಟ್ ಎ ಕ್ಯಾಬ್’ ಯೋಜನೆ ಇದಕ್ಕೆಂದೇ ಇದೆ. ವೈಟ್ ಬೋರ್ಡ್ ಕಾರು ಬಾಡಿಗೆಗೆ ಓಡುತ್ತಿತ್ತು ಅಂತ ಗೊತ್ತಾದರೆ, ಅಪಘಾತವಾದಾಗ ಕಾರಿನ ಕ್ಲೇಮ್ ತಿರಸ್ಕರಿಸಲು ಇನ್ಶೂರೆನ್ಸ್ ಕಂಪನಿಗೆ ಕಾರಣ ಸಿಕ್ಕಂತೆ. ಕಷ್ಟ ಕಾರು ಕೊಟ್ಟವರಿಗೂ, ತಗೊಂಡವರಿಗೂ.

ಹೊರದೇಶದಲ್ಲೂ ಇದೇ ಕಥೆ. ‘ನಮ್ಮ ಹುಡುಗನ ಫ್ರೆಂಡ್ ಕಾರು ಇದೆ, ಪೆಟ್ರೋಲ್ ಹಾಕಿಸಿಕೊಂಡು ಓಡಿಸಿ’ ಅಂದರೆ ಖುಷಿಯಾಗುತ್ತೆ. ಆ ಕಾರಿನ ಪಾಲಿಸಿಯಲ್ಲಿ ಪ್ರವಾಸಿ ಓಡಿಸಲು ಅವಕಾಶ ಇದೆಯೇ ಅನ್ನೋದನ್ನು ಅವರು ತಮ್ಮ ಇನ್ಶೂರೆನ್ಸ್ ಕಂಪನಿಗೆ ಕೇಳಿ ಹೇಳಲಿ, ಆಮೇಲೆ ಕೀ ತಗೊಳ್ಳಿ.

ಕಾರು ತಗೊಳ್ಳುವಾಗ ಹತ್ತು ನಿಮಿಷ

ಕೀ ಕೈಗೆ ಬಂದ ಕೂಡಲೇ ಹೊರಡಬೇಡಿ. ಮೊಬೈಲ್‌ನಲ್ಲಿ ಕಾರಿನ ಸುತ್ತ ನಿಧಾನವಾಗಿ ಒಂದು ವಿಡಿಯೋ ಮಾಡಿ. ನಾಲ್ಕೂ ಬಾಗಿಲು, ಬಂಪರ್, ಚಕ್ರದ ರಿಮ್, ಮುಂದಿನ ಗಾಜು. ಒಳಗೆ ಮೀಟರ್ ರೀಡಿಂಗ್ ಮತ್ತು ಫ್ಯುಯೆಲ್ ಮುಳ್ಳು. ಇರುವ ಗೀರುಗಳನ್ನು ಅವರ ಕಾಗದದಲ್ಲಿ ಬರೆಸಿ. ಅಂಗಡಿಗೆ ಮಾಲು ಬಂದಾಗ ಒಡೆದ ಪೀಸು ಎಣಿಸಿ ಸಹಿ ಹಾಕ್ತೀವಲ್ಲ, ಹಾಗೇ. ವಾಪಸ್ ಕೊಡುವಾಗಲೂ ಇನ್ನೊಂದು ವಿಡಿಯೋ, ಮತ್ತು ಫೈನಲ್ ಬಿಲ್ಲು.

ಫ್ಯುಯೆಲ್ ನಿಯಮ ಕೇಳಿ. ಫುಲ್ ಕೊಟ್ಟು ಫುಲ್ ತಗೊಳ್ಳುವ ಪದ್ಧತಿ ಗ್ರಾಹಕನಿಗೆ ಅನುಕೂಲ. ಬಂಕ್‌ಗಳಲ್ಲಿ ಹೆಸರು ನೋಡಿ ಮೋಸ ಹೋಗಬೇಡಿ. ಅಮೆರಿಕದಲ್ಲಿ ‘ಗ್ಯಾಸ್’ ಅಂದ್ರೆ ಪೆಟ್ರೋಲ್. ಫ್ರಾನ್ಸ್‌ನಲ್ಲಿ ‘ಗ್ಯಾಸಾಯಿಲ್’ ಅಂದ್ರೆ ಡೀಸೆಲ್. ಜಪಾನ್‌ನಲ್ಲಿ ಬಣ್ಣ ನೋಡಬೇಕು: ಕೆಂಪು ಪೈಪು ಸಾಮಾನ್ಯ ಪೆಟ್ರೋಲ್, ಹಳದಿ ಹೈ ಆಕ್ಟೇನ್, ಹಸಿರು ಡೀಸೆಲ್. ಕಾರಿನ ಟ್ಯಾಂಕ್ ಮುಚ್ಚಳದ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ.

ಯುರೋಪ್‌ನಲ್ಲಿ ಕಮ್ಮಿ ರೇಟಿಗೆ ಸಿಗುವುದು ಹೆಚ್ಚಾಗಿ ಮ್ಯಾನ್ಯುಯಲ್ ಗೇರ್ ಕಾರು. ಆಟೋಮ್ಯಾಟಿಕ್ ಬೇಕಿದ್ದರೆ ಬುಕಿಂಗ್‌ನಲ್ಲೇ ಆರಿಸಿ. ಮಕ್ಕಳಿದ್ದರೆ ಬಹಳ ದೇಶಗಳಲ್ಲಿ ಚೈಲ್ಡ್ ಸೀಟ್ ಕಡ್ಡಾಯ. ಅಜ್ಜಿ ತೊಡೆ ಮೇಲೆ ಕೂರಿಸಿಕೊಂಡರೆ ದಂಡ. ಎಂಟು ಜನಕ್ಕೆ ಏಳು ಸೀಟಿನ ಕಾರು, ‘ಅಡ್ಜಸ್ಟ್ ಮಾಡ್ಕೋತೀವಿ’ ಅನ್ನೋದು ಅಲ್ಲಿ ನಡೆಯಲ್ಲ.

ರಸ್ತೆಯಲ್ಲಿ ಏನೇನು ಬೇರೆ?

ಅಮೆರಿಕ, ಯುಎಇ, ಯುರೋಪಿನ ಬಹುಪಾಲು ದೇಶಗಳಲ್ಲಿ ಬಲಗಡೆ ಓಡಿಸಬೇಕು, ಸ್ಟೇರಿಂಗ್ ಎಡಕ್ಕೆ. ಹೆದ್ದಾರಿಯಲ್ಲಿ ಅಷ್ಟು ಕಷ್ಟವಾಗಲ್ಲ, ಮುಂದಿನ ಕಾರು ನೋಡಿ ಹೋಗುತ್ತೀರಿ. ತಪ್ಪಾಗುವುದು ಬೆಳಗ್ಗೆ ಹೋಟೆಲ್‌ನಿಂದ ಹೊರಬಂದಾಗ, ಬಂಕ್‌ನಿಂದ ಖಾಲಿ ರಸ್ತೆಗೆ ಇಳಿದಾಗ. ಕೈ ತಾನಾಗೇ ಎಡಕ್ಕೆ ಹೋಗುತ್ತೆ. ಪಕ್ಕದಲ್ಲಿ ಕೂತವರಿಗೆ ಒಂದೇ ಕೆಲಸ ಕೊಡಿ: ಪ್ರತಿ ತಿರುವಿನಲ್ಲೂ ‘ಬಲಗಡೆ’ ಅಂತ ಹೇಳ್ತಿರೋದು. ಇನ್ನೊಂದು ತಮಾಷೆ ಗೊತ್ತಿರಲಿ. ನಮ್ಮ ಮಾರುತಿ, ಟೊಯೊಟಾ ಕಾರುಗಳಲ್ಲಿ ಇಂಡಿಕೇಟರ್ ಬಲಗೈಯಲ್ಲಿ. ಅಲ್ಲಿನ ಕಾರುಗಳಲ್ಲಿ ಎಡಗೈಯಲ್ಲಿ. ಮೊದಲ ದಿನ ತಿರುಗಬೇಕಾದಾಗಲೆಲ್ಲ ವೈಪರ್ ಆಡುತ್ತೆ.

ಟೌನ್‌ಹಾಲ್ ಸರ್ಕಲ್‌ನಲ್ಲಿ ಯಾರು ಮುಂದೆ ಮೂಗು ತೂರಿಸ್ತಾರೋ ಅವರದ್ದೇ ದಾರಿ. ಅಲ್ಲಿ ಹಾಗಲ್ಲ. ಎಡಗಡೆ ಓಡಿಸುವ ದೇಶಗಳ ಸರ್ಕಲ್‌ನಲ್ಲಿ ಬಲದಿಂದ ಬರುವವರಿಗೆ ದಾರಿ ಬಿಡಬೇಕು. ಬಲಗಡೆ ಓಡಿಸುವ ಕಡೆ ಸಾಮಾನ್ಯವಾಗಿ ಎಡದಿಂದ ಬರುವವರಿಗೆ. ‘ಸ್ಟಾಪ್’ ಬೋರ್ಡ್ ಇದ್ದರೆ ಯಾರೂ ಇಲ್ಲದಿದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ಜಪಾನ್‌ನಲ್ಲಿ ರೈಲ್ವೆ ಗೇಟ್ ತೆರೆದಿದ್ದರೂ ಹಳಿಗೆ ಮುಂಚೆ ಒಮ್ಮೆ ನಿಲ್ಲಿಸಿಯೇ ದಾಟಬೇಕು. ಜೀಬ್ರಾ ಗೆರೆಯಲ್ಲಿ ಜನ ಕಾಲಿಟ್ಟರೆ ಕಾರು ನಿಲ್ಲಲೇಬೇಕು. ಹಾರ್ನ್ ಹೊಡೆದರೆ ಬೈದ ಹಾಗೆ.

ಕುಡಿತದ ವಿಷಯದಲ್ಲಿ ಯುಎಇಯಲ್ಲಿ ಒಂದು ಗುಟುಕಿಗೂ ರಿಯಾಯಿತಿ ಇಲ್ಲ. ಜಪಾನ್‌ನಲ್ಲಿ ಕುಡಿದವನ ಕಾರಿನಲ್ಲಿ ಗೊತ್ತಿದ್ದೂ ಕೂತವರಿಗೂ ಶಿಕ್ಷೆ ಉಂಟು.

ದಂಡ, ಟೋಲ್ ಮನೆವರೆಗೂ ಬರುತ್ತೆ

ಕ್ಯಾತ್ಸಂದ್ರ ಟೋಲ್‌ನಲ್ಲಿ ಫಾಸ್ಟ್ಯಾಗ್ ಇದ್ದ ಹಾಗೆ ಒಂದೊಂದು ದೇಶಕ್ಕೆ ಒಂದೊಂದು ವ್ಯವಸ್ಥೆ. ದುಬೈನಲ್ಲಿ ಸಾಲಿಕ್, ಗೇಟಿಲ್ಲದ ಕಮಾನಿನ ಕೆಳಗೆ ಹೋದರೆ ದುಡ್ಡು ಬಿದ್ದಾಯ್ತು, ಕಾರು ಕಂಪನಿ ಆಮೇಲೆ ನಿಮ್ಮ ಕಾರ್ಡಿನಿಂದ ವಸೂಲಿ ಮಾಡುತ್ತೆ. ಮಲೇಷ್ಯಾದಲ್ಲಿ ಟಚ್ ಎನ್ ಗೋ ಕಾರ್ಡ್, ಜಪಾನ್‌ನಲ್ಲಿ ಇಟಿಸಿ ಕಾರ್ಡ್. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಹೆದ್ದಾರಿಗೆ ವಿನ್ಯೆಟ್ ಎಂಬ ಸ್ಟಿಕ್ಕರ್ ಅಥವಾ ಅದರ ಡಿಜಿಟಲ್ ರೂಪ ಇರಬೇಕು. ಕಾರು ತಗೊಳ್ಳುವಾಗಲೇ ‘ಟೋಲ್ ಹೇಗೆ ಕಟ್ಟೋದು?’ ಅಂತ ಕೇಳಿ.

ಇಟಲಿಯ ಹಳೇ ಪೇಟೆಗಳಲ್ಲಿ ಹೊರಗಿನ ಕಾರು ಹೋಗಬಾರದ ವಲಯಗಳಿವೆ, ಝಡ್‌ಟಿಎಲ್ ಅನ್ನುತ್ತಾರೆ. ಗೂಗಲ್ ಮ್ಯಾಪ್ ನೋಡಿಕೊಂಡು ಒಳಗೆ ಹೋದರೆ ಯಾರೂ ತಡೆಯಲ್ಲ, ಕ್ಯಾಮೆರಾ ಫೋಟೋ ತೆಗೆದಿರುತ್ತೆ. ಊರಿಗೆ ಬಂದು ಎಷ್ಟೋ ತಿಂಗಳಾದ ಮೇಲೆ ದಂಡದ ಕಾಗದ ಬರುತ್ತೆ. ವಿಳಾಸ ಕೊಟ್ಟಿದ್ದಕ್ಕೆ ಕಾರು ಕಂಪನಿಯ ಚಾರ್ಜು ಬೇರೆ.

ಅಪಘಾತವಾದರೆ

ಮೊದಲು ಜನ, ಆಮೇಲೆ ಕಾರು. ನಂಬರುಗಳನ್ನು ಬರೆದಿಟ್ಟುಕೊಳ್ಳಿ: ಯುರೋಪಿನಲ್ಲಿ 112, ಅಮೆರಿಕದಲ್ಲಿ 911, ಬ್ರಿಟನ್ ಮತ್ತು ಮಲೇಷ್ಯಾದಲ್ಲಿ 999, ಯುಎಇ ಪೊಲೀಸ್ 999, ಜಪಾನ್‌ನಲ್ಲಿ ಪೊಲೀಸ್ 110, ಆಂಬುಲೆನ್ಸ್ 119, ಥಾಯ್ಲೆಂಡ್‌ನ ಟೂರಿಸ್ಟ್ ಪೊಲೀಸ್ 1155.

‘ಸಣ್ಣ ಗೀರು ತಾನೇ, ಇಲ್ಲೇ ಮಾತಾಡಿ ಮುಗಿಸೋಣ’ ಅನ್ನೋದು ನಮ್ಮ ಪದ್ಧತಿ. ಅಲ್ಲಿ ಅದೇ ತಿರುಗುಬಾಣವಾಗುತ್ತೆ. ಯುಎಇಯಲ್ಲಿ ಪೊಲೀಸ್ ವರದಿ ಇಲ್ಲದೆ ಗ್ಯಾರೇಜ್‌ನವರು ಕಾರು ಮುಟ್ಟುವುದಿಲ್ಲ. ಜಪಾನ್‌ನಲ್ಲೂ ಪೊಲೀಸರಿಗೆ ತಿಳಿಸದಿದ್ದರೆ ಇನ್ಶೂರೆನ್ಸ್ ಸಿಗುವುದಿಲ್ಲ. ಪೊಲೀಸರಿಗೆ, ಕಾರು ಕಂಪನಿಗೆ ಫೋನ್ ಮಾಡಿ, ಫೋಟೋ ತೆಗೆಯಿರಿ, ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ. ದೊಡ್ಡ ತೊಂದರೆಯಾದರೆ ಭಾರತೀಯ ರಾಯಭಾರ ಕಚೇರಿಯ ನಂಬರ್ ಮೊದಲೇ ಮೊಬೈಲ್‌ನಲ್ಲಿರಲಿ.

ಕಾರು ಬೇಕೇ ಬೇಕಾ?

ಇದನ್ನೂ ಒಮ್ಮೆ ಯೋಚಿಸಿ. ಸಿಂಗಪುರ, ಟೋಕಿಯೊ, ದುಬೈ ನಗರದೊಳಗೆ ಮೆಟ್ರೊ, ಬಸ್ಸೇ ಸಾಕು. ಕಾರು ತಗೊಂಡರೆ ಪಾರ್ಕಿಂಗ್ ಹುಡುಕುವುದರಲ್ಲೇ ಅರ್ಧ ದಿನ. ಜಪಾನ್‌ನ ಒಕಿನಾವಾ, ಹೊಕ್ಕೈಡೊ, ಮಲೇಷ್ಯಾದ ಲಂಕಾವಿ, ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದಂಥ ಕಡೆ ಕಾರು ಇದ್ದರೇನೇ ಚೆಂದ. ಬಾಡಿಗೆ, ಇನ್ಶೂರೆನ್ಸ್, ಇಂಧನ, ಟೋಲ್, ಪಾರ್ಕಿಂಗ್ ಎಲ್ಲ ಸೇರಿಸಿ ದಿನಕ್ಕೆ ಎಷ್ಟು ಬೀಳುತ್ತೆ ಅಂತ ಲೆಕ್ಕ ಹಾಕಿ, ಡ್ರೈವರ್ ಸಮೇತ ಸಿಗುವ ಕಾರಿನ ರೇಟಿನ ಜೊತೆ ಹೋಲಿಸಿ. ರಾತ್ರಿ ವಿಮಾನದಲ್ಲಿ ನಿದ್ದೆಗೆಟ್ಟು ಬೆಳಗ್ಗೆ ಇಳಿದ ಕೂಡಲೇ ಸ್ಟೇರಿಂಗ್ ಹಿಡಿಯಬೇಡಿ. ಒಂದು ರಾತ್ರಿ ಮಲಗಿ, ಮರುದಿನದಿಂದ ಕಾರು ತಗೊಳ್ಳಿ. ಒಂದು ದಿನದ ಬಾಡಿಗೆಯೂ ಉಳಿಯುತ್ತೆ.

ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ

ಅಸಲಿ ಡಿಎಲ್, ಐಡಿಪಿ, ಪಾಸ್‌ಪೋರ್ಟ್: ಮೂರರಲ್ಲೂ ಹೆಸರು ಹೊಂದುತ್ತಾ?

ಹೋಗುವ ದೇಶ ನಮ್ಮ 1949ರ ಐಡಿಪಿ ಒಪ್ಪುತ್ತಾ?

ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡ್, ಡೆಪಾಸಿಟ್‌ಗೆ ಸಾಕಾಗುವಷ್ಟು ಲಿಮಿಟ್, ಅಂತರರಾಷ್ಟ್ರೀಯ ವ್ಯವಹಾರ ಆನ್?

ಎಕ್ಸೆಸ್ ಎಷ್ಟು? ಎರಡನೇ ಡ್ರೈವರ್ ಹೆಸರು ಸೇರಿದೆಯಾ?

ಟೋಲ್, ಚೈಲ್ಡ್ ಸೀಟ್, ಫ್ಯುಯೆಲ್ ನಿಯಮ ಕೇಳಿದ್ದೀರಾ?

ಈ ಐದಕ್ಕೂ ‘ಹೌದು’ ಅಂತ ಬಂದರೆ ನಿಶ್ಚಿಂತೆಯಾಗಿ ಹೊರಡಿ. ಒಂದಕ್ಕೆ ಉತ್ತರ ಇಲ್ಲದಿದ್ದರೂ ಅದನ್ನು ಮುಗಿಸಿಕೊಂಡೇ ಬುಕಿಂಗ್ ದುಡ್ಡು ಕಟ್ಟಿ. ಬೇಸಿಗೆ ರಜೆಗೆ ಹೋಗುವ ಯೋಚನೆ ಇದ್ದರೆ ಈ ವಾರವೇ ಪರ್ಸಿನಿಂದ ಡಿಎಲ್ ತೆಗೆದು, ಕೊನೆಯ ದಿನಾಂಕ ನೋಡುವುದರಿಂದ ಶುರು ಮಾಡಿ.